ನಾಯಿಗಳ ರಕ್ಷಣೆ, ಮಕ್ಕಳ ಓದು: ಮೈಸೂರು–ಮಂಡ್ಯದಿಂದ ಹೊರದೇಶಕ್ಕೆ ಸೇವೆಗೆ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ನಿವೃತ್ತಿಯ ನಂತರವೋ, ಉದ್ಯೋಗಕ್ಕೆ ಒಂದೆರಡು ವರ್ಷ ಬಿಡುವು ಕೊಟ್ಟೋ, ಹೊರದೇಶದಲ್ಲಿ ನೆಲೆಸಿ ಬೀದಿ ನಾಯಿಗಳ ಆರೈಕೆಗೂ ಬಡ ಮಕ್ಕಳ ಕಲಿಕೆಗೂ ನೆರವಾಗಬೇಕೆಂದು ಬಯಸುವವರು ನಮ್ಮ ಎರಡೂ ಜಿಲ್ಲೆಗಳಲ್ಲಿ ಈಗ ಸಿಗುತ್ತಾರೆ. ಅಂಥವರಿಗಾಗಿ ಈ ಬರಹ. ಉದಾಹರಣೆಗೆ ನೇಪಾಳವನ್ನು ಆರಿಸಿಕೊಂಡಿದ್ದೇನೆ. ಭಾರತೀಯರಿಗೆ ಅಲ್ಲಿ ವೀಸಾ ಬೇಡ, ಖರ್ಚು ಹಿಡಿತದಲ್ಲಿರುತ್ತದೆ, ಎರಡೂ ಬಗೆಯ ಕೆಲಸ ಒಂದೇ ಊರಿನಲ್ಲಿ ಸಿಗುತ್ತದೆ. ಬೇರೆ ದೇಶಕ್ಕೆ ಹೋಗುವವರಿಗೂ ಹೆಜ್ಜೆಗಳ ಕ್ರಮ ಬಹುಮಟ್ಟಿಗೆ ಇದೇ.

ಪ್ರತಿ ಹೆಜ್ಜೆಯಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ನಾವು ಅಲ್ಲಿರುವಷ್ಟು ಕಾಲ ಸಂಸ್ಥೆಗೆ ಹೊರೆಯಾಗದೆ ಇರುತ್ತೇವೆಯೇ, ನಾವು ಊರಿಗೆ ಮರಳಿದ ಮೇಲೂ ಆ ಕೆಲಸ ನಿಲ್ಲದೆ ನಡೆಯುತ್ತದೆಯೇ? ಯೋಗ ಕಲಿಯಲೆಂದು ಮೈಸೂರಿನ ಗೋಕುಲಂ ಬಡಾವಣೆಗೆ ಬರುವ ವಿದೇಶೀಯರು ಬೀದಿ ನಾಯಿಗಳಿಗೆ ಅನ್ನ ಹಾಕಿದಾಗ ಅಕ್ಕಪಕ್ಕದವರು ಏನೆಂದುಕೊಳ್ಳುತ್ತಾರೆ, ಅವರು ಹೊರಟುಹೋದ ಮೇಲೆ ಆ ನಾಯಿಗಳ ಪಾಡೇನು ಎಂದು ಯೋಚಿಸಿದವರಿಗೆ ಈ ಪ್ರಶ್ನೆಯ ತೂಕ ಬೇಗ ತಿಳಿಯುತ್ತದೆ. ಅಲ್ಲಿ ನಾವೇ ಆ ವಿದೇಶೀಯರು.

ಮೊದಲ ಹೆಜ್ಜೆ: ಹೊರಡುವ ಮುನ್ನ ಊರಿನಲ್ಲಿಯೇ ಒಂದು ವರ್ಷ

ನಾಯಿಗಳ ಮೇಲೆ ಪ್ರೀತಿ ಇರುವುದು ಬೇರೆ, ನಾಯಿಗಳ ಕೆಲಸ ಬರುವುದು ಬೇರೆ. ಹುಳು ಬಿದ್ದ ಗಾಯವನ್ನು ತೊಳೆಯುವುದು, ಕಜ್ಜಿ ಹತ್ತಿದ ನಾಯಿಯನ್ನು ಹೆದರಿಸದೆ ಹಿಡಿಯುವುದು, ಬಾಯಿಗೆ ಪಟ್ಟಿ ಕಟ್ಟುವುದು, ಶಸ್ತ್ರಚಿಕಿತ್ಸೆಯಾದ ನಾಯಿಯ ಹೊಲಿಗೆಯನ್ನು ದಿನವೂ ನೋಡಿ ಬರೆದಿಡುವುದು, ಇವನ್ನೆಲ್ಲ ಕೈಯಾರೆ ಮಾಡಿಯೇ ಕಲಿಯಬೇಕು. ಮೈಸೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್ ಘಟಕವಿದೆ; ಮಂಡ್ಯದವರು ಪಶು ಆಸ್ಪತ್ರೆಯ ವೈದ್ಯರ ಅನುಮತಿ ಪಡೆದು ವಾರಕ್ಕೆ ಒಂದೆರಡು ದಿನ ಅಲ್ಲಿ ನೆರವಾಗಬಹುದು. ನಮ್ಮ ದೇಶದ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳನ್ನು ಓದಿಕೊಳ್ಳುವುದೂ ಅಗತ್ಯ. ನಾಯಿಯನ್ನು ಹಿಡಿದು, ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಕಿವಿಗೆ ಗುರುತು ಮಾಡಿ, ಸಾಮಾನ್ಯವಾಗಿ ಹಿಡಿದ ಜಾಗದಲ್ಲಿಯೇ ಬಿಡಬೇಕೆಂಬ ಕ್ರಮ ನಮ್ಮಲ್ಲಿರುವಂತೆಯೇ ನೇಪಾಳ, ಭೂತಾನ್, ಥಾಯ್ಲೆಂಡ್‌ಗಳ ಸಂಸ್ಥೆಗಳಲ್ಲಿಯೂ ಇದೆ. ಇಲ್ಲಿ ಕಲಿತದ್ದು ಅಲ್ಲಿ ವ್ಯರ್ಥವಾಗುವುದಿಲ್ಲ.

ಶಿಕ್ಷಣದ ವಿಷಯದಲ್ಲಿ ಮೈಸೂರು ಜಿಲ್ಲೆಯವರ ಬಳಿ ಇತರರಿಗಿಲ್ಲದ ಒಂದು ಬಂಡವಾಳವಿದೆ. ಯೂನಿಸೆಫ್ ನೆರವಿನಿಂದ ‘ನಲಿ-ಕಲಿ’ ಆರಂಭವಾದದ್ದು 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ. ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳನ್ನು ಕೂರಿಸಿ, ಕಲಿಕಾ ಏಣಿ (ಪಾಠದ ಹಂತಗಳ ಸಾಲು), ಮೈಲಿಗಲ್ಲು, ಕಾರ್ಡುಗಳ ಮೂಲಕ ಪ್ರತಿ ಮಗುವೂ ತನ್ನ ವೇಗದಲ್ಲಿ ಮುಂದುವರಿಯುವಂತೆ ಮಾಡುವ ಈ ಕ್ರಮ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಒಬ್ಬಿಬ್ಬರು ಶಿಕ್ಷಕರೇ ಹಲವು ತರಗತಿಗಳನ್ನು ನಡೆಸಬೇಕಾದ ಬೆಟ್ಟದ ಊರಿನ ಶಾಲೆಗೆ ನೀವು ಕೊಂಡೊಯ್ಯಬಹುದಾದ ಅತ್ಯುತ್ತಮ ವಸ್ತು ಇದೇ ಎಂಬುದು ನನ್ನ ಅಭಿಪ್ರಾಯ. ಬಣ್ಣದ ಪೆನ್ಸಿಲಿನ ಪೆಟ್ಟಿಗೆಗಳು ಅಲ್ಲಿಯ ಅಂಗಡಿಯಲ್ಲೂ ಸಿಗುತ್ತವೆ. ಆದ್ದರಿಂದ ಸಮೀಪದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕರನ್ನು ಕೇಳಿ ನಲಿ-ಕಲಿ ತರಗತಿಯಲ್ಲಿ ಕೆಲವು ತಿಂಗಳು ಕುಳಿತು ನೋಡಿರಿ. ಸರಗೂರಿನ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯು ಹೊಸಹಳ್ಳಿಯಲ್ಲಿ ಆದಿವಾಸಿ ಮಕ್ಕಳ ಶಾಲೆಯನ್ನು ನಡೆಸುತ್ತಿದೆ. ಮನೆಮಾತು ಒಂದು, ಪಾಠದ ಭಾಷೆ ಇನ್ನೊಂದು ಆಗಿರುವ ಮಕ್ಕಳಿಗೆ ಹೇಗೆ ಕಲಿಸಬೇಕೆಂದು ಅರಿಯಲು ಅಂಥ ಶಾಲೆಯ ಶಿಕ್ಷಕರ ಮಾತು ಕೇಳಬೇಕು. ನೇಪಾಳದಲ್ಲಿಯೂ ತಮಾಂಗ್, ನೇವಾರಿ, ಥಾರು, ಮೈಥಿಲಿ ಮನೆಮಾತಿನ ಮಕ್ಕಳು ನೇಪಾಳಿ ಪಠ್ಯವನ್ನು ಓದುತ್ತಾರೆ.

ವರ್ಷ ಕಳೆದ ಮೇಲೂ ಬೆಳಿಗ್ಗೆ ಐದೂವರೆಗೆ ಎದ್ದು ನಾಯಿಗೂಡು ತೊಳೆಯುವ ಉತ್ಸಾಹ ಉಳಿದಿದ್ದರೆ ಮುಂದಿನ ಹೆಜ್ಜೆಗೆ ಹೋಗಬಹುದು. ಉಳಿಯದಿದ್ದರೆ ಟಿಕೆಟಿನ ಹಣವನ್ನು ಇಲ್ಲಿಯ ಸಂಸ್ಥೆಗೇ ಕೊಡುವುದು ಹೆಚ್ಚು ಉಪಕಾರ.

ದೇಶ ಮತ್ತು ಕಾನೂನು

ಪ್ರವಾಸಿ ವೀಸಾದಲ್ಲಿ ಹೋಗಿ ಸಂಬಳವಿಲ್ಲದ ಸೇವೆ ಮಾಡಿದರೆ ತಪ್ಪೇನು ಎಂದು ಬಹಳ ಜನ ಭಾವಿಸುತ್ತಾರೆ. ಹಲವು ದೇಶಗಳಲ್ಲಿ ಅದು ಅಪರಾಧ. ಥಾಯ್ಲೆಂಡಿನಲ್ಲಿ ಸಂಬಳವಿಲ್ಲದ ಸ್ವಯಂಸೇವೆಯನ್ನೂ ಕೆಲಸವೆಂದೇ ಪರಿಗಣಿಸಿ ಕೆಲಸದ ಪರವಾನಗಿ ಕೇಳುತ್ತಾರೆ. ಇಂಡೊನೇಷ್ಯಾದ ಬಾಲಿಯಲ್ಲಿ ಪ್ರವಾಸಿಯಾಗಿ ಬಂದು ಕೆಲಸ ಮಾಡಿದವರನ್ನು ಗಡೀಪಾರು ಮಾಡಿದ ನಿದರ್ಶನಗಳಿವೆ. ಜೊತೆಗೆ, ಹತ್ತನೆಯ ತರಗತಿ ಪಾಸಾಗದೆ ‘ಇಸಿಆರ್’ (ವಲಸೆ ತಪಾಸಣೆ ಅಗತ್ಯ) ಮುದ್ರೆಯ ಪಾಸ್‌ಪೋರ್ಟ್ ಹೊಂದಿರುವವರು ಉದ್ಯೋಗಕ್ಕಾಗಿ ಥಾಯ್ಲೆಂಡ್, ಇಂಡೊನೇಷ್ಯಾ, ಮಲೇಷ್ಯಾ, ಕೊಲ್ಲಿ ರಾಷ್ಟ್ರಗಳು ಸೇರಿದ 18 ದೇಶಗಳಿಗೆ ಹೋಗಬೇಕಾದರೆ ವಲಸೆ ಅನುಮತಿ ಪಡೆಯಲೇಬೇಕು. ಭೂತಾನಿಗೂ ಭಾರತೀಯರಿಗೆ ವೀಸಾ ಬೇಡ. ಆದರೆ ಪ್ರವೇಶ ಪರವಾನಗಿ ಬೇಕು, ಪ್ರವಾಸಿಗರು ರಾತ್ರಿಯೊಂದಕ್ಕೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ತೆರಬೇಕು. ಹೀಗಾಗಿ ದೀರ್ಘಕಾಲದ ಸ್ವಯಂಸೇವೆಗೆ ಅದು ಸುಲಭದ ಆಯ್ಕೆಯಲ್ಲ. ಅಲ್ಲದೆ ತನ್ನ ಬೀದಿ ನಾಯಿಗಳೆಲ್ಲಕ್ಕೂ ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿ ಮುಗಿಸಿದ್ದೇವೆಂದು ಭೂತಾನ್ 2023ರಲ್ಲಿಯೇ ಘೋಷಿಸಿದೆ. ನೆರವಿಗಿಂತ ಪಾಠ ಕಲಿಯಲು ಹೋಗಬೇಕಾದ ನಾಡು ಅದು.

ನೇಪಾಳದ ಸ್ಥಿತಿ ಬೇರೆ. 1950ರ ಶಾಂತಿ ಮತ್ತು ಮೈತ್ರಿ ಒಪ್ಪಂದದ ಪ್ರಕಾರ ವಾಸ, ವ್ಯಾಪಾರ, ಓಡಾಟಗಳಲ್ಲಿ ಎರಡೂ ದೇಶದವರಿಗೆ ಪರಸ್ಪರ ಸಮಾನ ಸೌಲಭ್ಯಗಳಿವೆ. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ತೋರಿಸಬೇಕು. ವಯಸ್ಕರಿಗೆ ಆಧಾರ್ ಕಾರ್ಡ್ ಸಾಲದು. ಹದಿನೈದರೊಳಗಿನ ಮತ್ತು ಅರವತ್ತೈದು ದಾಟಿದವರಿಗಷ್ಟೇ ಅದರಲ್ಲಿ ವಿನಾಯಿತಿ. ವೀಸಾ ಬೇಡವೆಂದ ಮಾತ್ರಕ್ಕೆ ಕಾಗದವೇ ಬೇಡವೆಂದಲ್ಲ. ನಿಮ್ಮ ಕೆಲಸವೇನು, ಅವಧಿ ಎಷ್ಟು, ವಸತಿ ಯಾರದು, ಅಪಘಾತವಾದರೆ ಹೊಣೆ ಯಾರದು ಎಂಬುದನ್ನು ಸಂಸ್ಥೆ ತನ್ನ ಮುದ್ರೆಯೊಂದಿಗೆ ಬರೆದು ಕೊಡಬೇಕು, ನೀವು ಅದರ ಪ್ರತಿಯನ್ನು ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿಗೆ ಹೋದಾಗ ಕೈಯಲ್ಲಿಟ್ಟುಕೊಂಡಿರಬೇಕು.

ಪಶುವೈದ್ಯರಾದವರಿಗೆ ಇನ್ನೊಂದು ಮಾತು. ನೇಪಾಳದಲ್ಲಿ ಪಶುವೈದ್ಯ ವೃತ್ತಿಯನ್ನು ನಡೆಸಲು ನೇಪಾಳ ಪಶುವೈದ್ಯ ಪರಿಷತ್ತಿನ ನೋಂದಣಿ ಬೇಕು. ಹೆಬ್ಬಾಳದ ಅಥವಾ ಹಾಸನದ ಕಾಲೇಜಿನ ಪದವಿಯೊಂದೇ ಕತ್ತರಿ ಹಿಡಿಯುವ ಹಕ್ಕು ಕೊಡುವುದಿಲ್ಲ. ವೈದ್ಯರಲ್ಲದವರಂತೂ ಶಸ್ತ್ರಚಿಕಿತ್ಸೆಯ ಮೇಜಿನಿಂದ ದೂರವಿರಬೇಕು.

ಸಂಸ್ಥೆಯನ್ನು ಪರೀಕ್ಷಿಸುವುದು

ಇಡೀ ಸಿದ್ಧತೆಯಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ ಹೆಜ್ಜೆ ಇದು. ನೇಪಾಳದಲ್ಲಿ ಸ್ವಯಂಸೇವಾ ಸಂಸ್ಥೆಗಳು 1977ರ ಸಂಸ್ಥಾ ನೋಂದಣಿ ಕಾಯಿದೆಯಡಿ ಜಿಲ್ಲಾ ಆಡಳಿತ ಕಚೇರಿಯಲ್ಲಿ ನೋಂದಣಿಯಾಗುತ್ತವೆ. ವಿದೇಶಿ ನೆರವು ಪಡೆಯುವವು ಸಮಾಜ ಕಲ್ಯಾಣ ಪರಿಷತ್ತಿನೊಂದಿಗೆ ಸಂಬಂಧ ಹೊಂದಿರಬೇಕು. ಎರಡೂ ದಾಖಲೆಗಳನ್ನು, ಹಿಂದಿನ ಲೆಕ್ಕಪರಿಶೋಧನಾ ವರದಿಯನ್ನು ಕೇಳಿರಿ. ಕೇಳಿದ್ದಕ್ಕೆ ಮುನಿಸಿಕೊಳ್ಳುವವರಿಂದ ದೂರ ಉಳಿಯುವುದೇ ಕ್ಷೇಮ.

ನಾಯಿಗಳ ಸಂಸ್ಥೆಗೆ ಕೇಳಬೇಕಾದ ಪ್ರಶ್ನೆಗಳು ನೇರವಾಗಿರಲಿ. ಪಶುವೈದ್ಯರು ದಿನವೂ ಇರುತ್ತಾರೆಯೇ, ವಾರಕ್ಕೊಮ್ಮೆ ಬರುತ್ತಾರೆಯೇ? ಗುಣವಾದ ನಾಯಿಯನ್ನು ಮರಳಿ ಅದರ ಬೀದಿಗೆ ಬಿಡುತ್ತೀರೋ, ಆಶ್ರಯದಲ್ಲಿಯೇ ಇರಿಸಿಕೊಳ್ಳುತ್ತೀರೋ? ಬದುಕುಳಿಯದ ನಾಯಿಗೆ ದಯಾಮರಣ ಕೊಡುವ ನಿರ್ಧಾರ ಯಾರದು? ಬಿಡದೆ ತುಂಬಿಕೊಳ್ಳುತ್ತಲೇ ಹೋಗುವ ಆಶ್ರಯದಲ್ಲಿ ಕರುಣೆ ಬಹುಬೇಗ ರೋಗವಾಗುತ್ತದೆ. ನಾಯಿಮರಿಗಳನ್ನು ಕೊಲ್ಲುವ ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಹೊಸ ನಾಯಿಗಳನ್ನು ಪ್ರತ್ಯೇಕವಾಗಿ ಇಡುವ ಗೂಡುಗಳಿಲ್ಲದ ಕಡೆ ಒಂದು ರೋಗಿಷ್ಠ ಮರಿ ಬಂದರೆ ಇಡೀ ಗೂಡು ಖಾಲಿಯಾಗುತ್ತದೆ. ಪ್ರತ್ಯೇಕ ಗೂಡುಗಳ ಚಿತ್ರವನ್ನು ಕಳುಹಿಸಿರೆಂದು ಮೊದಲೇ ಕೇಳಿರಿ. ಕಠ್ಮಂಡುವಿನಲ್ಲಿ 2004ರಿಂದ ಕೆಲಸ ಮಾಡುತ್ತಿರುವ ಕಾಟ್ ಸೆಂಟರ್, ಪೊಖರಾದ ಹಿಮಾಲಯನ್ ಅನಿಮಲ್ ರೆಸ್ಕ್ಯೂ ಟ್ರಸ್ಟ್ ಮುಂತಾದವು ಜನನ ನಿಯಂತ್ರಣ ಮತ್ತು ಲಸಿಕೆಯನ್ನೇ ಮುಖ್ಯ ಕೆಲಸವಾಗಿಸಿಕೊಂಡು ಬಂದವು. ಯಾವ ಸಂಸ್ಥೆಯಾದರೂ ಸರಿ, ಈ ಪ್ರಶ್ನೆಗಳನ್ನು ಬಿಡಬೇಡಿ.

ಮಕ್ಕಳ ವಿಷಯಕ್ಕೆ ಬಂದಾಗ ಒಂದು ಮಾತನ್ನು ಖಂಡತುಂಡವಾಗಿ ಹೇಳಬೇಕಾಗಿದೆ: ಅನಾಥಾಲಯಗಳಿಗೆ ಸ್ವಯಂಸೇವಕರಾಗಿ ಹೋಗಬೇಡಿ. ಇಂಥ ‘ಅನಾಥಾಲಯ’ಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆ ಅಥವಾ ತಾಯಿ ಬದುಕಿರುತ್ತಾರೆ. ಓದಿಸುತ್ತೇವೆಂದು ನಂಬಿಸಿ ಬೆಟ್ಟದ ಹಳ್ಳಿಗಳಿಂದ ಮಕ್ಕಳನ್ನು ನಗರಕ್ಕೆ ತಂದು, ವಿದೇಶಿ ದಾನಿಗಳೂ ಸ್ವಯಂಸೇವಕರೂ ಬರುವ ಕಡೆ ಇರಿಸುವ ದಂಧೆ ನೇಪಾಳವನ್ನು ವರ್ಷಗಟ್ಟಲೆ ಕಾಡಿದೆ. 2015ರ ಏಪ್ರಿಲ್ 25ರ ಭೂಕಂಪದ ನಂತರ ಈ ಅಪಾಯ ಹೆಚ್ಚುತ್ತದೆಂದು ಯೂನಿಸೆಫ್ ಬಹಿರಂಗವಾಗಿಯೇ ಎಚ್ಚರಿಸಿತ್ತು; ಅನಾಥಾಲಯಕ್ಕಾಗಿ ನಡೆಯುವ ಮಕ್ಕಳ ಸಾಗಣೆಯನ್ನು ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿಯ ಕಾನೂನಿನ ಚರ್ಚೆಯೊಳಗೆ ತಂದಿತು. ಸ್ವಯಂಸೇವಕರು ಬರುತ್ತಾರೆಂಬ ಕಾರಣಕ್ಕೇ ಮಕ್ಕಳನ್ನು ತಂದಿರಿಸುವ ಮನೆಗೆ ನಾವು ಹೋಗುವುದೆಂದರೆ, ಆ ದಂಧೆಗೆ ಗಿರಾಕಿಯಾಗುವುದೆಂದೇ ಅರ್ಥ. ಅದರ ಬದಲು ಮಕ್ಕಳು ತಮ್ಮ ಮನೆಯಲ್ಲಿಯೇ ಇದ್ದು ಹೋಗಿಬರುವ ಸಾಮುದಾಯಿಕ ಶಾಲೆ, ಸಂಜೆಯ ಪಾಠಕೇಂದ್ರ, ಗ್ರಂಥಾಲಯ, ಇಟ್ಟಿಗೆ ಗೂಡಿನ ಕಾರ್ಮಿಕರ ಮಕ್ಕಳ ಕಲಿಕಾ ಕೇಂದ್ರ ಇಂಥವನ್ನು ಆರಿಸಿಕೊಳ್ಳಿರಿ. ಕಠ್ಮಂಡು ಕಣಿವೆಯ ಇಟ್ಟಿಗೆ ಗೂಡುಗಳು ಚಳಿಗಾಲದಿಂದ ಮಳೆ ಹಿಡಿಯುವವರೆಗೆ ನಡೆಯುತ್ತವೆ. ಕುಟುಂಬಗಳು ಗುಳೆ ಬರುವ ಕಾಲ ಅದೇ ಆದ್ದರಿಂದ ಆ ಮಕ್ಕಳ ಶಾಲಾ ವರ್ಷ ಅರ್ಧಕ್ಕೇ ತುಂಡಾಗುತ್ತದೆ. ಮಂಡ್ಯದ ಕಡೆ ಕಬ್ಬು ಕಡಿಯಲು ಬರುವ ಕುಟುಂಬಗಳ ಮಕ್ಕಳನ್ನು ಕಂಡವರಿಗೆ ಈ ಸಮಸ್ಯೆಯನ್ನು ವಿವರಿಸಬೇಕಾಗಿಲ್ಲ.

ಒಳ್ಳೆಯ ಶಾಲೆಯೋ ಕೇಂದ್ರವೋ ನಿಮ್ಮನ್ನೂ ಪರೀಕ್ಷಿಸಬೇಕು. ಪೊಲೀಸ್ ಕ್ಲಿಯರೆನ್ಸ್ (ಅಪರಾಧದ ಹಿನ್ನೆಲೆಯಿಲ್ಲವೆಂಬ ಪ್ರಮಾಣಪತ್ರ) ಕೇಳದೆ, ಹಿಂದೆ ಕೆಲಸ ಮಾಡಿದ ಕಡೆಯ ಪರಿಚಯ ಪತ್ರ ಕೇಳದೆ, ಬಂದ ದಿನವೇ ಮಕ್ಕಳ ನಡುವೆ ಬಿಟ್ಟುಬಿಡುವ ಸಂಸ್ಥೆ ನಾಳೆ ಬೇರೆ ಯಾರನ್ನಾದರೂ ಹಾಗೆಯೇ ಬಿಡುತ್ತದೆ.

ಆರೋಗ್ಯ: ರೇಬೀಸ್ ಬಗ್ಗೆ ತಿಳಿದಿರಲೇಬೇಕಾದದ್ದು

ಮನುಷ್ಯರಿಗೆ ತಗಲುವ ರೇಬೀಸಿನಲ್ಲಿ ಶೇ 99ರಷ್ಟು ನಾಯಿಗಳಿಂದಲೇ ಬರುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆಂಬುದು ವಿಶ್ವ ಆರೋಗ್ಯ ಸಂಸ್ಥೆ ಬಳಸುವ ಅಂದಾಜು. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಆದ್ದರಿಂದ ನಾಯಿ ಮುಟ್ಟುವ ಕೆಲಸಕ್ಕೆ ಹೋಗುವವರು ಕಡಿತಕ್ಕೆ ಮೊದಲೇ ಲಸಿಕೆ ಹಾಕಿಸಿಕೊಂಡಿರಬೇಕು. ನಮ್ಮ ದೇಶದ ಮಾರ್ಗಸೂಚಿಯಂತೆ ಇದನ್ನು 0 (ಮೊದಲ ಚುಚ್ಚುಮದ್ದಿನ ದಿನ), 7 ಮತ್ತು 21 ಅಥವಾ 28ನೆಯ ದಿನ ಕೊಡುತ್ತಾರೆ. ಹಾಗಾಗಿ ಹೊರಡುವುದಕ್ಕೆ ಎರಡು ತಿಂಗಳು ಮೊದಲೇ ವೈದ್ಯರನ್ನು ಕಾಣಿರಿ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಮಂಡ್ಯದ ಮಿಮ್ಸ್‌ನಲ್ಲೋ ಕೇಳಿ, ಅಲ್ಲಿ ಕಡಿತಕ್ಕೊಳಗಾದವರಿಗೆ ಆದ್ಯತೆಯಾದರೆ ಖಾಸಗಿಯಾಗಿ ಹಾಕಿಸಿಕೊಂಡು, ದಿನಾಂಕ ಮತ್ತು ಬ್ಯಾಚ್ ಸಂಖ್ಯೆ ಬರೆದ ಚೀಟಿಯನ್ನು ಪಾಸ್‌ಪೋರ್ಟಿನ ಜೊತೆಯಲ್ಲಿಯೇ ಇಡಿರಿ.

ಮೊದಲೇ ಲಸಿಕೆಯಾಗಿದ್ದರೆ ದೊಡ್ಡ ಅನುಕೂಲವೊಂದಿದೆ. ನಾಯಿ ಕಡಿದಾಗ 0 ಮತ್ತು 3ನೆಯ ದಿನ ಎರಡೇ ಚುಚ್ಚುಮದ್ದು ಸಾಕು, ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಮದ್ದು) ಬೇಕಾಗುವುದಿಲ್ಲ. ಲಸಿಕೆಯಾಗದವರಿಗೆ ಚರ್ಮ ಸೀಳಿ ರಕ್ತ ಬರುವ ಗಾಯವಾದರೆ ಪೂರ್ಣ ಸರಣಿಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ನನ್ನು ಗಾಯದ ಸುತ್ತ ಕೊಡಲೇಬೇಕು, ಅದು ದುಬಾರಿ, ಬೆಟ್ಟದ ಊರುಗಳಲ್ಲಿ ಸಿಗುವುದು ಕಷ್ಟ. ಎರಡೂ ಸಂದರ್ಭಗಳಲ್ಲಿ ಮೊದಲ ಕೆಲಸ ಒಂದೇ: ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ಗಾಯ ತೊಳೆಯುವುದು. ನಮ್ಮ ಹಳ್ಳಿಗಳಲ್ಲಿ ಇನ್ನೂ ಹಚ್ಚುವ ಸುಣ್ಣ, ಅರಿಶಿನ, ಮೆಣಸಿನ ಪುಡಿ ಯಾವುದನ್ನೂ ಮುಟ್ಟಿಸಬಾರದು. ಕಠ್ಮಂಡುವಿನ ಟೇಕುವಿನಲ್ಲಿರುವ ಸುಕ್ರರಾಜ್ ಉಷ್ಣವಲಯ ರೋಗಗಳ ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಸಿಗುತ್ತದೆ; ನೀವು ಉಳಿಯುವ ಊರಿನಲ್ಲಿ ಹತ್ತಿರದ ಕೇಂದ್ರ ಯಾವುದೆಂದು ತಲುಪಿದ ದಿನವೇ ತಿಳಿದುಕೊಳ್ಳಿರಿ.

ಧನುರ್ವಾಯು, ಟೈಫಾಯ್ಡ್, ಹೆಪಟೈಟಿಸ್ ಎ ಲಸಿಕೆಗಳ ಬಗ್ಗೆಯೂ, ನೇಪಾಳದ ದಕ್ಷಿಣದ ತರಾಯಿ ಬಯಲಿಗೆ ಹೋಗುವವರಾದರೆ ಜಪಾನೀಸ್ ಎನ್ಸೆಫಲೈಟಿಸ್ (ಮೆದುಳು ಜ್ವರ) ಬಗ್ಗೆಯೂ ವೈದ್ಯರೊಡನೆ ಮಾತನಾಡಿರಿ. ಆಫ್ರಿಕಾದ ದೇಶಗಳನ್ನು ಆರಿಸಿಕೊಂಡವರಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕಾಗಬಹುದು; ಲಸಿಕೆ ಹಾಕಿಸಿದ ಹತ್ತು ದಿನಗಳ ನಂತರವಷ್ಟೇ ಅದು ಊರ್ಜಿತ. ಪ್ರಯಾಣ ವಿಮೆಯ ಕರಾರಿನಲ್ಲಿ ಪ್ರಾಣಿ ಕಡಿತ ಸೇರಿದೆಯೇ, ಸ್ವಯಂಸೇವೆಯ ಕೆಲಸವನ್ನು ಹೊರಗಿಟ್ಟಿದ್ದಾರೆಯೇ ಎಂಬ ಎರಡು ಸಾಲುಗಳನ್ನು ಹುಡುಕಿ ಓದಬೇಕು.

ಕಾಗದ ಪತ್ರ

ನೇಪಾಳಕ್ಕೆ ಮತದಾರರ ಚೀಟಿ ಸಾಕಾದರೂ ಪಾಸ್‌ಪೋರ್ಟ್ ಮಾಡಿಸಿಕೊಂಡು ಹೋಗುವುದೇ ಮೇಲು. ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳ ಯೋಜನೆ ದೇಶದಲ್ಲಿ ಮೊದಲು ಶುರುವಾದದ್ದೇ 2017ರ ಜನವರಿಯಲ್ಲಿ ಮೈಸೂರು ಮತ್ತು ಗುಜರಾತಿನ ದಾಹೋದ್‌ಗಳಲ್ಲಿ. ಹಾಗಾಗಿ ಈ ಕೆಲಸಕ್ಕೆ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರಕ್ಕೂ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿಯೇ ಅರ್ಜಿ ಹಾಕಬಹುದು. ಶಿಕ್ಷಕ ತರಬೇತಿಯ ಪ್ರಮಾಣಪತ್ರಗಳನ್ನು ಬೇರೆ ದೇಶದಲ್ಲಿ ತೋರಿಸಬೇಕಾದರೆ, ಆ ದೇಶ ದಾಖಲೆಗಳನ್ನು ಪರಸ್ಪರ ಮಾನ್ಯ ಮಾಡುವ ಹೇಗ್ ಅಪಾಸ್ಟಿಲ್ ಒಪ್ಪಂದಕ್ಕೆ ಸೇರಿದೆಯೇ ನೋಡಿರಿ. ಭಾರತ 2005ರಿಂದ ಅದರಲ್ಲಿದೆ. ಸೇರಿದ್ದರೆ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಮುದ್ರೆ ಸಾಕು, ಇಲ್ಲದಿದ್ದರೆ ಆ ದೇಶದ ರಾಯಭಾರ ಕಚೇರಿಯ ದೃಢೀಕರಣವೂ ಬೇಕಾಗುತ್ತದೆ. ಸರ್ಕಾರಿ ನೌಕರರು ರಜೆಯ ಮಂಜೂರಾತಿ ಮತ್ತು ವಿದೇಶ ಪ್ರಯಾಣದ ಅನುಮತಿ ಎರಡನ್ನೂ ಲಿಖಿತವಾಗಿ ಪಡೆಯದೆ ಟಿಕೆಟ್ ತೆಗೆಯಬಾರದು.

ಹಣ

ನೇಪಾಳ ಮತ್ತು ಭೂತಾನ್ ಪ್ರಯಾಣಕ್ಕೆ ಬ್ಯಾಂಕುಗಳು ಡಾಲರ್ ಮೊದಲಾದ ವಿದೇಶಿ ವಿನಿಮಯ ಕೊಡುವಂತಿಲ್ಲ; ನಮ್ಮ ರೂಪಾಯಿಯಲ್ಲಿಯೇ ವ್ಯವಹಾರ. ಒಂದು ಭಾರತೀಯ ರೂಪಾಯಿಗೆ 1.60 ನೇಪಾಳಿ ರೂಪಾಯಿ ಎಂಬ ದರ 1993ರಿಂದ ಬದಲಾಗಿಲ್ಲ, ಹಾಗಾಗಿ ಲೆಕ್ಕ ಸುಲಭ. ಊರಿನಿಂದ ಹಣ ತರಿಸಿಕೊಳ್ಳಲು ಭಾರತ–ನೇಪಾಳ ಹಣ ರವಾನೆ ವ್ಯವಸ್ಥೆಯಿದೆ. 2021ರ ಅಕ್ಟೋಬರಿನಿಂದ ಒಂದು ಬಾರಿಗೆ ಎರಡು ಲಕ್ಷ ರೂಪಾಯಿಯವರೆಗೆ ಕಳುಹಿಸಬಹುದು. ಉಳಿದ ಬಹುತೇಕ ದೇಶಗಳಿಗೆ ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಆರ್ಥಿಕ ವರ್ಷಕ್ಕೆ 2,50,000 ಡಾಲರ್‌ಗಳವರೆಗೆ ಅವಕಾಶವುಂಟು.

ಸ್ನೇಹಿತರಿಂದ ದೇಣಿಗೆ ಸಂಗ್ರಹಿಸುವವರು ಇಲ್ಲಿ ಸ್ವಲ್ಪ ನಿಂತು ಓದಬೇಕು. ತೆರಿಗೆ ವಿನಾಯಿತಿ ಪಡೆದ ಭಾರತೀಯ ಟ್ರಸ್ಟು ತನ್ನ ಆದಾಯವನ್ನು ಸಾಮಾನ್ಯವಾಗಿ ಭಾರತದೊಳಗಿನ ಉದ್ದೇಶಕ್ಕೇ ಖರ್ಚು ಮಾಡಬೇಕು. ಆದ್ದರಿಂದ ‘ಎಂಬತ್ತು ಜಿ’ (ದಾನಿಗೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ) ರಸೀದಿ ಕೊಡಿಸುತ್ತೇನೆಂದು ಹೇಳಿ ಪೊಖರಾದ ನಾಯಿಗಳಿಗೆ ಹಣ ಕೂಡಿಸುವಂತಿಲ್ಲ. ನಿಮ್ಮ ಸ್ವಂತ ಖಾತೆಗೆ ಬಂಧುಗಳಲ್ಲದವರಿಂದ ಬಂದ ಉಡುಗೊರೆ ವರ್ಷಕ್ಕೆ 50,000 ರೂಪಾಯಿ ಮೀರಿದರೆ ಅಷ್ಟೂ ನಿಮ್ಮ ಆದಾಯವಾಗಿ ತೆರಿಗೆಗೆ ಒಳಪಡುತ್ತದೆ. ಕೊಡಬೇಕೆನ್ನುವವರು ನೇರವಾಗಿ ಅಲ್ಲಿಯ ಸಂಸ್ಥೆಯ ಖಾತೆಗೇ ಕೊಡಲಿ. ಹೊರಡುವ ಮುನ್ನ ಲೆಕ್ಕಪರಿಶೋಧಕರೊಬ್ಬರೊಡನೆ ಒಂದು ಗಂಟೆ ಕುಳಿತರೆ ಅನಿವಾಸಿ ಸ್ಥಿತಿ, ಬ್ಯಾಂಕ್ ಖಾತೆಯ ಬದಲಾವಣೆ ಇವೆಲ್ಲ ಇತ್ಯರ್ಥವಾಗುತ್ತವೆ.

ಸ್ವಂತ ಖರ್ಚಿಗೆ ಪೂರ್ತಿ ಅವಧಿಯ ಬಾಡಿಗೆ, ಊಟ, ಔಷಧದ ಹಣದ ಜೊತೆಗೆ, ರಾತ್ರೋರಾತ್ರಿ ಊರಿಗೆ ಮರಳಬೇಕಾಗಿ ಬಂದರೆ ಬೇಕಾಗುವ ಮೊತ್ತವನ್ನು ಬೇರೆಯಾಗಿ ತೆಗೆದಿಡಿರಿ. ಸಂಸ್ಥೆ ಊಟ ವಸತಿ ಕೊಡುತ್ತೇನೆಂದರೂ ಅದರ ಬೆಲೆಯನ್ನು ಕೊಟ್ಟುಬಿಡುವುದು ಸೂಕ್ತ. ನಾವು ತಿನ್ನುವ ಅನ್ನದ ಹಣದಲ್ಲಿ ಗೂಡು ತೊಳೆಯುವ ಸ್ಥಳೀಯ ಹುಡುಗನ ಸಂಬಳದ ಪಾಲು ಇರಬಾರದು.

ಮನೆ, ಜಮೀನು, ತಂದೆತಾಯಿ

ಮಂಡ್ಯದ ಕಡೆಯವರಿಗೆ ಇದು ಸಣ್ಣ ಸಂಗತಿಯಲ್ಲ. ಪಹಣಿಯಲ್ಲಿ ಹೆಸರಿರುವವರು ಗೈರುಹಾಜರಾದರೆ ಬೆಳೆ ಸಮೀಕ್ಷೆ, ಸಾಲದ ನವೀಕರಣ, ಕಾರ್ಖಾನೆಗೆ ಕಬ್ಬು ಸಾಗಿಸುವ ಒಪ್ಪಿಗೆ ಎಲ್ಲವೂ ತಡವಾಗುತ್ತವೆ. ನಂಬಿಕೆಯ ಒಬ್ಬರಿಗೆ, ಯಾವ ಯಾವ ಕೆಲಸಕ್ಕೆಂದು ಸ್ಪಷ್ಟವಾಗಿ ನಮೂದಿಸಿ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅಧಿಕಾರ ಪತ್ರ ಬರೆದುಕೊಡಿರಿ. ಮಾರಾಟದ ಅಧಿಕಾರವನ್ನು ಅದರಲ್ಲಿ ಸೇರಿಸಬೇಡಿ. ವಯಸ್ಸಾದ ತಂದೆತಾಯಿಯ ಆಸ್ಪತ್ರೆ ಓಡಾಟಕ್ಕೆ ಯಾರು ಎಂಬುದನ್ನು ಅಕ್ಕ, ಅಣ್ಣಂದಿರ ಜೊತೆ ಕುಳಿತು ಹೆಸರಿಟ್ಟು ತೀರ್ಮಾನಿಸಿರಿ. ‘ಹೇಗೋ ಆಗುತ್ತದೆ’ ಎಂದು ಹೊರಟವರ ಮನಸ್ಸು ಅಲ್ಲಿ ಕೆಲಸದಲ್ಲಿ ನಿಲ್ಲುವುದಿಲ್ಲ.

ಮನೆಯ ನಾಯಿಯನ್ನೂ ಕರೆದೊಯ್ಯಬೇಕೆನ್ನುವವರು ಆಯಾ ದೇಶದ ನಿಯಮವನ್ನು ಬಹಳ ಮುಂಚೆಯೇ ನೋಡಬೇಕು. ಉದಾಹರಣೆಗೆ ಯುರೋಪಿಯನ್ ಒಕ್ಕೂಟಕ್ಕೆ ಭಾರತದಿಂದ ನಾಯಿ ಒಯ್ಯಲು ಮೈಕ್ರೊಚಿಪ್, ಆಮೇಲೆ ರೇಬೀಸ್ ಲಸಿಕೆ, ಮೂವತ್ತು ದಿನಗಳ ನಂತರ ರಕ್ತಪರೀಕ್ಷೆ, ಆ ಬಳಿಕ ಮೂರು ತಿಂಗಳ ಕಾಯುವಿಕೆ ಇದೆ.

ತಲುಪಿದ ಮೇಲೆ

ವಿಮಾನ ಬೇಡವೆನ್ನುವವರಿಗೆ ಬೆಂಗಳೂರಿನ ಯಶವಂತಪುರದಿಂದ ಗೋರಖ್‌ಪುರದವರೆಗೆ ರೈಲು, ಅಲ್ಲಿಂದ ಸುನೌಲಿ ಗಡಿಗೆ ಬಸ್ಸು. ಕಠ್ಮಂಡು ಸುಮಾರು 1,400 ಮೀಟರ್ ಎತ್ತರದಲ್ಲಿದೆ. ಮೈಸೂರಿನ ಮಾಗಿಯ ಚಳಿಗೆ ಸಾಲುವ ಸ್ವೆಟರ್ ಅಲ್ಲಿಯ ಪುಷ್ಯ ಮಾಸಕ್ಕೆ ಸಾಲದು. ವಾರದ ರಜೆ ಶನಿವಾರ, ಪಂಚಾಂಗ ಬಿಕ್ರಮ ಸಂವತ್ (ವಿಕ್ರಮ ಶಕೆ) ಪ್ರಕಾರದ್ದು, ಶಾಲಾ ವರ್ಷ ಏಪ್ರಿಲ್ ನಡುವಿನ ಬೈಶಾಖದಲ್ಲಿ ಆರಂಭ. ಶಾಲೆಯ ಕೆಲಸಕ್ಕೆ ಹೋಗುವವರು ಆ ಹೊತ್ತಿಗೆ ತಲುಪುವಂತೆ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ನೇಪಾಳಿಯನ್ನು ದೇವನಾಗರಿಯಲ್ಲಿಯೇ ಬರೆಯುವುದರಿಂದ ಹಿಂದಿ ಓದಬಲ್ಲವರಿಗೆ ಅಕ್ಷರ ಹೊಸದಲ್ಲ, ಆದರೆ ಎಲ್ಲರೊಡನೆಯೂ ಹಿಂದಿಯಲ್ಲಿಯೇ ಮಾತನಾಡುತ್ತ ಹೋಗುವುದು ಅಲ್ಲಿ ಎಲ್ಲರಿಗೂ ಹಿತವಾಗುವುದಿಲ್ಲ. ದಿನಕ್ಕೊಂದು ಗಂಟೆ ನೇಪಾಳಿ ಕಲಿಕೆಗೆ ಮೀಸಲಿಡಿರಿ.

ಮೊದಲ ತಿಂಗಳು ಯಾವ ಸಲಹೆಯನ್ನೂ ಕೊಡದಿರುವುದು ನನ್ನ ಬಲವಾದ ಶಿಫಾರಸು. ನಾಯಿ ಹಿಡಿಯುವವರು ಯಾವ ಓಣಿಗೆ ಯಾವ ಹೊತ್ತಿನಲ್ಲಿ ಹೋಗುತ್ತಾರೆ, ಯಾರ ಮನೆಯವರು ನಾಯಿ ಕೊಡಲು ಒಪ್ಪುವುದಿಲ್ಲ, ಏಕೆ, ಎಂಬುದನ್ನು ಜೊತೆಗಿದ್ದು ನೋಡಬೇಕು. ಗೂಡು ತೊಳೆಯುವುದು, ಆಹಾರ ಬೇಯಿಸುವುದು, ಶಸ್ತ್ರಚಿಕಿತ್ಸೆಯಾದ ನಾಯಿಗಳ ದಾಖಲೆ ಬರೆಯುವುದು ವೈದ್ಯರಲ್ಲದವರ ನಿಜವಾದ ಉಪಯೋಗ. ವಿಶೇಷವಾಗಿ ದಾಖಲೆ: ಯಾವ ವಾರ್ಡಿನಲ್ಲಿ ಕಿವಿ ಗುರುತಿನ ನಾಯಿಗಳು ಎಷ್ಟು, ಗುರುತಿಲ್ಲದವು ಎಷ್ಟು ಎಂದು ನಡೆದು ಎಣಿಸಿ ನಕ್ಷೆಯ ಮೇಲೆ ಬರೆಯುವ ಕೆಲಸಕ್ಕೆ ಸಂಸ್ಥೆಗಳಲ್ಲಿ ಯಾವಾಗಲೂ ಕೈ ಸಾಲದು. ಒಂದು ಪ್ರದೇಶದ ನಾಯಿಗಳಲ್ಲಿ ಶೇ 70ಕ್ಕೆ ಲಸಿಕೆಯಾದರೆ ರೇಬೀಸ್ ಹರಡುವ ಸರಪಳಿ ಕಡಿಯುತ್ತದೆಂಬುದು ಒಪ್ಪಿತ ಗುರಿ. ಎಣಿಕೆಯಿಲ್ಲದೆ ಶೇ 70 ಮುಟ್ಟಿದೆವೋ ಇಲ್ಲವೋ ತಿಳಿಯುವುದಾದರೂ ಹೇಗೆ? ಒಂದು ಗೂಡಿನಿಂದ ಇನ್ನೊಂದಕ್ಕೆ ಹೋಗುವಾಗ ಚಪ್ಪಲಿ ಬದಲಿಸುವುದನ್ನು, ಕೈ ತೊಳೆಯುವುದನ್ನು ಮಾತ್ರ ಮೊದಲ ದಿನದಿಂದಲೇ ಪಾಲಿಸಿರಿ.

ಶಾಲೆಯಲ್ಲಿ ಒಬ್ಬರೇ ಪಾಠ ಮಾಡಬೇಡಿ. ಖಾಯಂ ಶಿಕ್ಷಕರ ಪಕ್ಕದಲ್ಲಿ ನಿಂತು, ಅವರ ಪಠ್ಯಕ್ಕೆ ಬೇಕಾದ ಕಾರ್ಡುಗಳನ್ನು ಅವರೊಡನೆಯೇ ತಯಾರಿಸಿ, ಅವರ ಕೈಯಿಂದಲೇ ಬಳಕೆಗೆ ತರಿಸಿರಿ. ನಲಿ-ಕಲಿಯ ಕಾರ್ಡನ್ನು ಹಾಗೆಯೇ ಅನುವಾದಿಸಿದರೆ ಉಪಯೋಗವಿಲ್ಲ. ಅದರ ಕ್ರಮವನ್ನಷ್ಟೇ ತೆಗೆದುಕೊಂಡು ಅಲ್ಲಿಯ ಪಠ್ಯಪುಸ್ತಕದ ಪಾಠಗಳಿಂದ ಏಣಿಯನ್ನು ಕಟ್ಟಬೇಕು. ಮಕ್ಕಳ ಚಿತ್ರ ತೆಗೆದು ಹಂಚುವುದು, ಒಂದೇ ಮಗುವಿಗೆ ಉಡುಗೊರೆ ಕೊಡುವುದು, ಮಗುವನ್ನು ಕೋಣೆಗೆ ಕರೆದೊಯ್ಯುವುದು, ಮನೆಯವರಿಗೆ ಗುಟ್ಟಾಗಿ ಹಣ ಕೊಡುವುದು ಇವು ಯಾವುವೂ ಸಲ್ಲ. ಶುಲ್ಕವೋ ಪುಸ್ತಕವೋ ಕೊಡಬೇಕಾದರೆ ಶಾಲೆಯ ವ್ಯವಸ್ಥಾಪನಾ ಸಮಿತಿಯ ಮೂಲಕ, ಹೆಸರು ಹೇಳದೆ ಕೊಡಿರಿ.

ಎರಡೂ ಕೆಲಸಗಳು ಸೇರುವ ಜಾಗ ಒಂದಿದೆ, ಹೆಚ್ಚಿನವರು ಅದನ್ನು ಗಮನಿಸುವುದಿಲ್ಲ. ಶಂಕಿತ ರೇಬೀಸ್ ನಾಯಿಗಳಿಂದ ಕಚ್ಚಿಸಿಕೊಂಡವರಲ್ಲಿ ಶೇ 40ರಷ್ಟು ಹದಿನೈದರೊಳಗಿನ ಮಕ್ಕಳು. ಮಲಗಿದ ನಾಯಿಯನ್ನು, ತಿನ್ನುತ್ತಿರುವ ನಾಯಿಯನ್ನು, ಮರಿ ಹಾಕಿದ ನಾಯಿಯನ್ನು ಮುಟ್ಟಬಾರದು. ನಾಯಿ ಅಟ್ಟಿಸಿಕೊಂಡು ಬಂದರೆ ಓಡದೆ ಮರದಂತೆ ನಿಲ್ಲಬೇಕು. ಕೆಳಗೆ ಬಿದ್ದರೆ ಮುಖ ಮುಚ್ಚಿ ಮುದುಡಿಕೊಳ್ಳಬೇಕು. ಸಣ್ಣ ಗೀರಾದರೂ ಮನೆಯಲ್ಲಿ ಹೇಳಿ ಸೋಪಿನಿಂದ ತೊಳೆಯಬೇಕು. ಇಷ್ಟನ್ನು ಆಟವಾಗಿ ಕಲಿಸಲು ಅರ್ಧ ಗಂಟೆ ಸಾಕು. ಬೈದಾರೆಂದು ಹೆದರಿ ಕಡಿತವನ್ನು ಮುಚ್ಚಿಡುವ ಮಕ್ಕಳೇ ಹೆಚ್ಚು ಅಪಾಯದಲ್ಲಿರುವವರು, ಆದ್ದರಿಂದ ಕೊನೆಯ ಅಂಶಕ್ಕೆ ಹೆಚ್ಚು ಒತ್ತು ಕೊಡಿರಿ. ಶಾಲೆಯ ಸುತ್ತಲಿನ ನಾಯಿಗಳ ಲಸಿಕೆ ಶಿಬಿರವನ್ನು ಅದೇ ವಾರದಲ್ಲಿ ನಡೆಸಿದರೆ ಮಕ್ಕಳೇ ಯಾವ ನಾಯಿ ಯಾವ ಓಣಿಯದೆಂದು ತೋರಿಸುತ್ತಾರೆ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನ ಇದಕ್ಕೆ ಅನುಕೂಲ. ನೇಪಾಳದ ದೀಪಾವಳಿಯಾದ ತಿಹಾರ್ ಹಬ್ಬದ ಎರಡನೆಯ ದಿನವಂತೂ ಇನ್ನೂ ಒಳ್ಳೆಯದು. ನಾವು ನರಕ ಚತುರ್ದಶಿಯ ಎಣ್ಣೆಸ್ನಾನ ಮಾಡುವ ದಿನವೇ ಅಲ್ಲಿ ‘ಕುಕುರ್ ತಿಹಾರ್’, ಅಂದರೆ ನಾಯಿಗಳ ಹಬ್ಬ. ಸಂಕ್ರಾಂತಿಯಲ್ಲಿ ಮಂಡ್ಯದವರು ದನಗಳನ್ನು ಸಿಂಗರಿಸುವಂತೆ ಅಲ್ಲಿ ನಾಯಿಗಳಿಗೆ ಚೆಂಡುಹೂವಿನ ಹಾರ ಹಾಕಿ ಹಣೆಗೆ ತಿಲಕವಿಡುತ್ತಾರೆ. ಆ ದಿನ ಬೀದಿ ನಾಯಿಯೂ ಮನುಷ್ಯರ ಕೈಗೆ ಹತ್ತಿರ ಬರುತ್ತದೆ, ಮನೆಯವರೂ ಮಾತಿಗೆ ಸಿಗುತ್ತಾರೆ.

ಸಾವುಗಳನ್ನು ನೋಡಬೇಕಾಗುತ್ತದೆ, ಅದೂ ಪದೇ ಪದೇ. ಡಿಸ್ಟೆಂಪರ್ ಎಂಬ ವೈರಾಣು ರೋಗ ಬಂದು ನಡುಗುವ ನಾಯಿ, ವಾಹನಕ್ಕೆ ಸಿಕ್ಕ ಮರಿ. ವಾರಕ್ಕೊಂದು ದಿನ ಪೂರ್ತಿ ರಜೆ ತೆಗೆದುಕೊಂಡು, ಊರಿನವರೊಡನೆ ಕನ್ನಡದಲ್ಲಿ ಮಾತನಾಡಿರಿ. ನಿದ್ರೆ ಕೆಡುವುದು, ಮಕ್ಕಳ ಮೇಲೆ ರೇಗುವುದು ಕಂಡರೆ ಅವಧಿ ಮುಗಿಯಲಿ ಎಂದು ಕಾಯದೆ ಸಂಸ್ಥೆಗೆ ತಿಳಿಸಿ ಬಿಡುವು ಪಡೆಯಿರಿ.

ಮರಳುವ ಹೆಜ್ಜೆ

ಹಿಂದಿರುಗುವ ದಿನಾಂಕವನ್ನು ಎರಡು ತಿಂಗಳು ಮೊದಲೇ ಎಲ್ಲರಿಗೂ ತಿಳಿಸಿರಿ, ಮಕ್ಕಳಿಗೂ. ‘ಮತ್ತೆ ಬರುತ್ತೇನೆ’ ಎಂಬ ಮಾತು ಖಚಿತವಿಲ್ಲದಿದ್ದರೆ ಆಡಬೇಡಿ. ವಾರ್ಡಿನ ನಾಯಿ ನಕ್ಷೆ, ಲಸಿಕೆಯ ದಿನಾಂಕಗಳ ಪುಸ್ತಕ, ಕಲಿಕಾ ಕಾರ್ಡುಗಳ ಮೂಲಪ್ರತಿ ಎಲ್ಲವನ್ನೂ ನೇಪಾಳಿಯಲ್ಲಿ, ಸ್ಥಳೀಯರ ಕೈಬರಹದಲ್ಲಿಯೇ ಇರುವಂತೆ ನೋಡಿಕೊಳ್ಳಬೇಕು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾತ್ರ ಇರುವ ದಾಖಲೆ ನಿಮ್ಮೊಡನೆ ಗಡಿ ದಾಟಿಬಿಡುತ್ತದೆ. ಕೊನೆಯ ತಿಂಗಳು ನೀವು ಕೈಕಟ್ಟಿ ಕುಳಿತು, ಮುಂದೆ ನೋಡಿಕೊಳ್ಳುವವರು ಎಲ್ಲವನ್ನೂ ಮಾಡುವುದನ್ನು ನೋಡಿರಿ. ಎಲ್ಲಿ ತಡೆಯುತ್ತದೆಯೋ ಅದನ್ನು ಸರಿಪಡಿಸಲು ಆಗ ಇನ್ನೂ ಸಮಯವಿರುತ್ತದೆ. ಒಂದು ನಾಯಿಯನ್ನಾದರೂ ಮೈಸೂರಿಗೆ ಕರೆತರಬೇಕೆಂಬ ಆಸೆ ಬಹಳ ಜನರಿಗೆ ಹುಟ್ಟುತ್ತದೆ. ಭಾರತದೊಳಕ್ಕೆ ಪ್ರಾಣಿ ತರಲು ಪ್ರಾಣಿ ಸಂಪರ್ಕತಡೆ (ಕ್ವಾರಂಟೈನ್) ಇಲಾಖೆಯ ಮುಂಗಡ ಅನುಮತಿ ಬೇಕು, ಅದಿಲ್ಲದೆ ಗಡಿಯಲ್ಲಿ ಹೇಗೋ ದಾಟಿಸುವುದು ಕಾನೂನುಬಾಹಿರ. ತನ್ನ ಓಣಿಯಲ್ಲಿ ನೆಮ್ಮದಿಯಾಗಿರುವ ನಾಯಿಗೆ ಮೈಸೂರಿನ ಮನೆಯ ಗೇಟು ವರವೇನೂ ಅಲ್ಲ. ಅದರ ಮುಂದಿನ ವರ್ಷದ ಲಸಿಕೆಯ ಹಣವನ್ನು ಸಂಸ್ಥೆಯ ಖಾತೆಗೆ ಕಟ್ಟಿ, ರಸೀದಿ ಪಡೆದು ಹೊರಡಿರಿ.